ಮಾತಿನ ಮೂಲ: ರೋಮ್ ಒಂದೇ ದಿನದಲ್ಲಿ ಕಟ್ಟಿದ್ದಲ್ಲ



ಇಂಗ್ಲಿಷಿನ ಕೆಲವು ಮಾತುಗಳು ಇಂಗ್ಲಿಷ್ ಬಾರದವರಿಗೂ ಗೊತ್ತು. ‘ರೋಮ್ ನಗರವನ್ನು ಒಂದೇ ದಿನದಲ್ಲಿ ಕಟ್ಟಲಿಲ್ಲ’ ಎಂಬುದು ಅಂಥ ಮಾತು. ಮಗ ಗಣಿತದಲ್ಲಿ ಹಿಂದೆ ಬಿದ್ದಿದ್ದಾನೆಂದು ತಾಯಿ ಕಣ್ಣೀರು ಹಾಕಿದರೆ ಟೀಚರು ಇದನ್ನು ಹೇಳುತ್ತಾರೆ. ಚಾವಣಿ ಯಾವಾಗ ಹಾಕುತ್ತೀಯಪ್ಪಾ ಎಂದು ಕೇಳಿದರೆ ಕಂಟ್ರಾಕ್ಟರನೂ ಇದನ್ನೇ ಹೇಳುತ್ತಾನೆ. ಚುನಾವಣೆ ಗೆದ್ದವರಂತೂ ಐದು ವರ್ಷವೂ ಇದನ್ನೇ ಹೇಳಬಲ್ಲರು. ಮದುವೆಯ ಸಿದ್ಧತೆಗೆ ಬರುವ ಯುವಕ ಯುವತಿಯರಿಗೆ ನಾವು ಗುರುಗಳು ಹೇಳುವುದೂ ಇದೇ. ಇಂಥ ಒಂದು ಶಿಬಿರದಲ್ಲಿ ಹುಡುಗನೊಬ್ಬ ಎದ್ದು ನಿಂತು, “ಫಾದರ್, ಇದು ರೋಮಿನವರೇ ಹೇಳಿದ್ದಾ, ಬೇರೆಯವರು ಅವರ ಬಗ್ಗೆ ಹೇಳಿದ್ದಾ?” ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಈ ತಿಂಗಳ ಅಂಕಣ ಅವನಿಗೆ.

ರೋಮಿನವರು ಹೇಳಿದ್ದಲ್ಲ. ಈಗ ಸಿಗುವ ಹಳೆಯ ದಾಖಲೆ ಫ್ರಾನ್ಸಿನದು. 12ನೇ ಶತಮಾನದ ಕೊನೆಗೆ, ಸುಮಾರು 1190ರ ಹೊತ್ತಿಗೆ, ಹಳ್ಳಿಗರ ಗಾದೆಗಳನ್ನು ಒಟ್ಟುಮಾಡಿದ ಒಂದು ಫ್ರೆಂಚ್ ಸಂಗ್ರಹದಲ್ಲಿ ಈ ಮಾತಿದೆ. ಆ ಸಂಗ್ರಹದ ಹೆಸರಿನ ಅರ್ಥವೇ ‘ಹಳ್ಳಿಗನ ಗಾದೆಗಳು’ ಎಂದು. ಅಂದರೆ ರೋಮನ್ನು ಕಣ್ಣಿನಿಂದ ಕಾಣದ, ಬಹುಶಃ ಎಂದೂ ಕಾಣಲಾರದ ರೈತರು ಹೊಲದ ಬದುವಿನ ಮೇಲೆ ಕುಳಿತು ಆಡಿದ ಮಾತಿದು. ಯಾತ್ರೆಗೆ ಹೋಗಿ ಬಂದವರ ಬಾಯಿಂದ ಆ ನಗರದ ವರ್ಣನೆ ಕೇಳಿ, ‘ಅದೇನು ಒಂದು ದಿನದ ಕೆಲಸವೇ!’ ಎಂದಿರಬೇಕು.

ಇಂಗ್ಲಿಷಿಗೆ ಇದು ಬಂದದ್ದು 16ನೇ ಶತಮಾನದಲ್ಲಿ. ವಿದ್ವಾಂಸ ಎರಾಸ್ಮಸ್ ಗ್ರೀಕ್, ಲ್ಯಾಟಿನ್ ನಾಣ್ಣುಡಿಗಳ ದೊಡ್ಡ ಕೋಶವನ್ನೇ ಮಾಡಿದ್ದ. ಅದರಿಂದ ಆಯ್ದು ರಿಚರ್ಡ್ ಟ್ಯಾವರ್ನರ್ ಎಂಬಾತ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದಲ್ಲಿ ಈ ಮಾತು ಕಾಣಿಸಿಕೊಂಡಿತು. ಆದರೆ ಇದನ್ನು ಮನೆಮಾತಾಗಿಸಿದವನು ಜಾನ್ ಹೇವುಡ್. ಈತನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈತ ನಮ್ಮವನು.

ಹೇವುಡ್ ಇಂಗ್ಲೆಂಡಿನ ಅರಮನೆಯಲ್ಲಿ ಹಾಡು, ನಾಟಕ, ಹಾಸ್ಯಗಳಿಂದ ಅರಸರನ್ನು ರಂಜಿಸುತ್ತಿದ್ದ ಕಥೋಲಿಕ. ಆತನ ಹೆಂಡತಿ ಸಂತ ಥಾಮಸ್ ಮೋರ್ ಅವರ ತಂಗಿಯ ಮಗಳು. 1546ರಲ್ಲಿ ಆತ ಇಂಗ್ಲಿಷ್ ಗಾದೆಗಳನ್ನೆಲ್ಲ ಪೋಣಿಸಿ ಒಂದು ಪುಸ್ತಕ ಬರೆದ. ವಿಷಯ ಯಾವುದು ಗೊತ್ತೇ? ಮದುವೆ! ಒಬ್ಬ ಯುವಕನ ಮುಂದೆ ಎರಡು ದಾರಿಗಳಿವೆ: ಕೈಯಲ್ಲಿ ಕಾಸಿಲ್ಲದ ಚಿಕ್ಕ ಪ್ರಾಯದ ಹುಡುಗಿ, ಇಲ್ಲವೇ ಹಣವುಳ್ಳ ವಯಸ್ಸಾದ ವಿಧವೆ. ಯಾರನ್ನು ಮದುವೆಯಾಗಲಿ ಎಂದು ಆತ ಸಲಹೆ ಕೇಳುತ್ತಾನೆ. ಆತುರದ ಆ ಯುವಕನೊಂದಿಗೆ ನಡೆಯುವ ಸಂಭಾಷಣೆಯಲ್ಲಿ, ಗಾದೆಗಳ ಸುರಿಮಳೆಯ ನಡುವೆ, ರೋಮಿನ ಮಾತೂ ಬರುತ್ತದೆ. ಹಾಗಾಗಿ ಮದುವೆಯ ಶಿಬಿರದಲ್ಲಿ ಈ ಪ್ರಶ್ನೆ ಕೇಳಿದ ಹುಡುಗ ಮಾತನ್ನು ಅದರ ತವರಿಗೇ ಕರೆದುಕೊಂಡು ಹೋದಂತಾಯಿತು.

ಹೇವುಡ್‌ನ ಮುಂದಿನ ಬಾಳು ನಗೆಯದ್ದಾಗಿರಲಿಲ್ಲ. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಕಥೋಲಿಕರ ಮೇಲೆ ಕಾನೂನು ಬಿಗಿಯಾದಾಗ, 1564ರಲ್ಲಿ, ಮುಪ್ಪಿನ ವಯಸ್ಸಿನಲ್ಲಿ ಆತ ದೇಶ ಬಿಟ್ಟು ಈಗಿನ ಬೆಲ್ಜಿಯಂ ಕಡೆಗೆ ಹೋದ. ಮರಳಿ ಬರಲಿಲ್ಲ. ಆತನ ಇಬ್ಬರು ಗಂಡುಮಕ್ಕಳು, ಎಲಿಸ್ ಮತ್ತು ಜಾಸ್ಪರ್, ಯೇಸುಸಭೆಯ ಗುರುಗಳಾದರು. ಜಾಸ್ಪರ್ ರಹಸ್ಯವಾಗಿ ಇಂಗ್ಲೆಂಡಿನಲ್ಲಿ ಸೇವೆ ಮಾಡಿ, ಸೆರೆ ಸಿಕ್ಕಿ, ಗಡೀಪಾರಾದರು. ಇನ್ನೂ ಒಂದು ವಿಚಿತ್ರ: ಅದೇ 1564ರಲ್ಲಿ ಎಲಿಜಬೆತ್ ರಾಣಿ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಭೇಟಿ ಕೊಟ್ಟು ಲ್ಯಾಟಿನ್‌ನಲ್ಲಿ ಭಾಷಣ ಮಾಡಿದಳು. ತಾನು ಇನ್ನೂ ವಿದ್ಯೆಗಾಗಿ ದೊಡ್ಡ ಕೆಲಸವೇನನ್ನೂ ಮಾಡಿಲ್ಲವೆಂದು ಹೇಳಿ, ರೋಮನ್ನು ಒಂದು ದಿನದಲ್ಲಿ ಕಟ್ಟಲಿಲ್ಲ ಎಂಬ ಜನರ ಮಾತಿನಿಂದ ಸಮಾಧಾನ ತಂದುಕೊಂಡಳು. ದೇಶ ಬಿಟ್ಟವನ ಪುಸ್ತಕದಲ್ಲಿಯೂ ದೇಶ ಆಳಿದವಳ ಭಾಷಣದಲ್ಲಿಯೂ ಒಂದೇ ಗಾದೆ. ಇಬ್ಬರಲ್ಲಿ ಯಾರಿಗೆ ತಾಳ್ಮೆಯ ಅಗತ್ಯ ಹೆಚ್ಚಿತ್ತು ಎಂಬುದನ್ನು ನೀವೇ ಯೋಚಿಸಿ.

ಇನ್ನು ರೋಮಿನ ಕತೆ. ಅಲ್ಲಿಯವರ ಐತಿಹ್ಯದ ಪ್ರಕಾರ ಕ್ರಿಸ್ತಪೂರ್ವ 753ರ ಏಪ್ರಿಲ್ 21ರಂದು ರೊಮುಲಸ್ ಎಂಬವನು ನಗರಕ್ಕೆ ಗೆರೆ ಎಳೆದ. ಗೆರೆ ಎಳೆಯಲು ಒಂದು ದಿನ ಸಾಕು. ಕಟ್ಟಲು ಎಷ್ಟೋ ತಲೆಮಾರು ಬೇಕಾದವು. ಕ್ರಿಸ್ತಶಕ 64ರ ಜುಲೈನಲ್ಲಿ ಬೆಂಕಿ ಬಿದ್ದಾಗ ಮೊದಲ ಹೊಡೆತದಲ್ಲಿ ಆರು ದಿನ ಉರಿಯಿತು. ನಗರದ 14 ವಿಭಾಗಗಳಲ್ಲಿ ಹತ್ತು ಹಾನಿಗೊಂಡವು. ತಪ್ಪನ್ನು ಕ್ರೈಸ್ತರ ಮೇಲೆ ಹೊರಿಸಿದ ನೀರೋ ಚಕ್ರವರ್ತಿಯ ಹಿಂಸೆಯ ಕಾಲದಲ್ಲೇ ಸಂತ ಪೇತ್ರರು ಪ್ರಾಣ ಕೊಟ್ಟರೆಂದು ಧರ್ಮಸಭೆಯ ಸಂಪ್ರದಾಯ ಹೇಳುತ್ತದೆ.

ಅವರ ಸಮಾಧಿಯ ಮೇಲೆ ಈಗ ನಿಂತಿರುವ ಮಹಾದೇವಾಲಯ ಎಷ್ಟು ದಿನದ್ದು? ಅಸ್ತಿವಾರದ ಕಲ್ಲು ಇಟ್ಟದ್ದು 1506ರ ಏಪ್ರಿಲ್ 18. ಪ್ರತಿಷ್ಠಾಪನೆ ಆದದ್ದು 1626ರ ನವೆಂಬರ್ 18. ನೂರಾ ಇಪ್ಪತ್ತು ವರ್ಷ! ಮೊದಲ ಶಿಲ್ಪಿ ಬ್ರಮಾಂತೆ ತೀರಿಹೋದ, ನಂತರ ಬಂದ ರಫಾಯೆಲ್ ತೀರಿಹೋದ. 70 ದಾಟಿದ ಮೈಕೆಲಾಂಜೆಲೊ ಸಂಬಳ ಬೇಡವೆಂದು ಹೇಳಿ ಹೊಣೆ ಹೊತ್ತುಕೊಂಡು ಗುಮ್ಮಟದ ನಕ್ಷೆ ಮಾಡಿದ. ಆತನೂ ಗುಮ್ಮಟ ಏಳುವುದನ್ನು ನೋಡಲಿಲ್ಲ. ಆತ ತೀರಿಕೊಂಡದ್ದು 1564ರಲ್ಲಿ (ಮತ್ತೆ ಅದೇ ವರ್ಷ!), ಗುಮ್ಮಟ ಮುಗಿದದ್ದು 1590ರಲ್ಲಿ. ಈ ನಡುವೆ ಆತುರವೂ ನುಸುಳಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಟ್ಟಡಕ್ಕೆ ಹಣ ಬೇಗ ಬೇಕೆಂದು ದಂಡವಿಮೋಚನೆಯ ಹೆಸರಿನಲ್ಲಿ ಜರ್ಮನಿಯಲ್ಲಿ ಕಾಣಿಕೆ ಎತ್ತಿದ ರೀತಿಯೇ 1517ರಲ್ಲಿ ಲೂಥರರ ಪ್ರತಿಭಟನೆಗೆ ಕಿಡಿ ಹಚ್ಚಿತು. ಧರ್ಮಸಭೆ ಒಡೆಯಲು ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ದೇವಾಲಯ ಕಟ್ಟುವ ಅವಸರದಲ್ಲಿ ದೇವಜನರಲ್ಲಿಯೇ ಬಿರುಕು ಬಿಟ್ಟಿತು ಎಂಬುದು ನಮ್ಮ ಕಟ್ಟಡ ಸಮಿತಿಗಳು ಒಮ್ಮೆ ಯೋಚಿಸಬೇಕಾದ ವಿಷಯ.

ರೋಮ್ ದೂರವಾಯಿತು ಎನ್ನುವವರಿಗೆ ಹತ್ತಿರದಲ್ಲೊಂದು ರೋಮ್ ಇದೆ. ಹಳೇ ಗೋವಾವನ್ನು ‘ಪೂರ್ವದ ರೋಮ್’ ಎಂದು ಕರೆಯುತ್ತಿದ್ದರು. ಗೋವಾ ನೋಡಿದವನು ಲಿಸ್ಬನ್ ನೋಡಬೇಕಾಗಿಲ್ಲ ಎಂಬ ಗಾದೆ ಪೋರ್ಚುಗೀಸರಲ್ಲಿಯೇ ಇತ್ತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದಾಗ ನಿಮ್ಮಲ್ಲಿ ಅನೇಕರು ಬಸ್ಸು ಮಾಡಿಕೊಂಡು ಹೋಗಿದ್ದೀರಿ. ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡವರಿಗೆ ಸುತ್ತಲಿನ ಗೋಡೆಗಳನ್ನು ನೋಡಲು ಪುರುಸೊತ್ತು ಸಿಕ್ಕಿರಲಾರದು. ಆ ಗೋಡೆಗಳ ಕತೆ ಕೇಳಿ.

ಬಿಜಾಪುರದ ಆದಿಲ್ ಶಾಹಿಯ ಕೈಯಲ್ಲಿದ್ದ ನಗರವನ್ನು ಅಲ್ಬುಕರ್ಕ್ 1510ರ ನವೆಂಬರ್ 25ರಂದು ಗೆದ್ದುಕೊಂಡ. ಅಂದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬ. ಅವಳ ಹೆಸರಿನ ಪ್ರಧಾನಾಲಯವೇ ‘ಸೇ’. ಈಗಿನ ಕಟ್ಟಡ ಶುರುವಾದದ್ದು 1562ರಲ್ಲಿ. ಗೋಡೆ, ಚಾವಣಿ ಎಲ್ಲ ಮುಗಿದದ್ದು 1619ರಲ್ಲಿ. ಪ್ರತಿಷ್ಠಾಪನೆ 1640ರಲ್ಲಿ. ಒಳಗಿನ ಪೀಠಗಳ ಕೆಲಸ ಮುಗಿಯುವಾಗ 1652. ಒಟ್ಟು ತೊಂಬತ್ತು ವರ್ಷ! ಅಸ್ತಿವಾರಕ್ಕೆ ಬುಟ್ಟಿ ಹೊತ್ತವನ ಮೊಮ್ಮಗನ ಮಗ ಪೀಠಕ್ಕೆ ಚಿನ್ನದ ಬಣ್ಣ ಬಳಿದಿರಬಹುದು. 76 ಮೀಟರ್ ಉದ್ದದ ಆ ದೇವಾಲಯಕ್ಕೆ ಎರಡು ಗೋಪುರಗಳಿದ್ದವು. 1776ರಲ್ಲಿ ಒಂದು ಕುಸಿಯಿತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ ಎಂದು ಹೆಸರಾದ ದೊಡ್ಡ ಗಂಟೆ ಇದೆ.

ರಸ್ತೆಯ ಆಚೆಗಿನ ಬೋಮ್ ಜೀಸಸ್ ಬೆಸಿಲಿಕಾ ಇಷ್ಟು ಕಾಯಿಸಲಿಲ್ಲ. 1594ರ ನವೆಂಬರ್ 24ರಂದು ಕಲ್ಲಿಟ್ಟರು, 1605ರ ಮೇ 15ರಂದು ಮಹಾಧರ್ಮಾಧ್ಯಕ್ಷ ಅಲೇಶೊ ದೆ ಮೆನೆಜೆಸ್ ಪ್ರತಿಷ್ಠಾಪಿಸಿದರು. ಆದರೆ ಅದರೊಳಗೆ ಸಂತರ ಬೆಳ್ಳಿಯ ಪೆಟ್ಟಿಗೆ ಇರುವ ಅಮೃತಶಿಲೆಯ ಪೀಠವಿದೆಯಲ್ಲ, ಅದರ ಕತೆ ಬೇರೆ. ಇಟಲಿಯ ತಸ್ಕನಿಯ ಮಹಾಪ್ರಭು ಮೂರನೇ ಕೊಸಿಮೊ ಅದನ್ನು ಕಾಣಿಕೆಯಾಗಿ ಕೊಟ್ಟ. ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿ ಸುಮಾರು ಹತ್ತು ವರ್ಷ ಕೆತ್ತಿದ. ಅಷ್ಟನ್ನೂ ಬಿಡಿಬಿಡಿಯಾಗಿ ಹಡಗಿಗೆ ಹೇರಿ, ಆಫ್ರಿಕವನ್ನು ಸುತ್ತಿ ಬಂದು, ಗೋವಾದಲ್ಲಿ ಜೋಡಿಸಿ ಮುಗಿಸಿದ್ದು 1698ರಲ್ಲಿ. ಸಂತರು ತೀರಿಹೋಗಿ ಆಗಲೇ 146 ವರ್ಷವಾಗಿತ್ತು. ಬೆಳ್ಳಿಯ ಪೆಟ್ಟಿಗೆ ಮಾತ್ರ ಅದಕ್ಕೂ ಅರವತ್ತು ವರ್ಷ ಮೊದಲೇ ಗೋವಾದ ಅಕ್ಕಸಾಲಿಗರೇ ಮಾಡಿದ್ದು. ಇಟಲಿಯ ಶಿಲ್ಪಿಯ ಹೆಸರು ಪುಸ್ತಕಗಳಲ್ಲಿದೆ. ಯಾತ್ರಿಕರು ಆ ಅಕ್ಕಸಾಲಿಗರನ್ನೂ ನೆನೆಯಬೇಕು.

ಇನ್ನೊಂದು ಸ್ವಾರಸ್ಯ. ಆದಿಲ್ ಶಾಹನ ಅರಮನೆಯ ಬಾಗಿಲಿನ ಕಲ್ಲುಕಂಬಗಳು ಇನ್ನೂ ನಿಂತಿರುವ ಕಡೆ, ಅದರ ಪಕ್ಕದಲ್ಲೇ, ಸಂತ ಕಯೆತಾನರ ದೇವಾಲಯವಿದೆ. ಇಟಲಿಯಿಂದ ಬಂದ ಥಿಯಟೈನ್ ಗುರುಗಳು ಅದನ್ನು ರೋಮಿನ ಸಂತ ಪೇತ್ರರ ಮಹಾದೇವಾಲಯದ ಮಾದರಿಯಲ್ಲೇ, ಸಣ್ಣದಾಗಿ, ಕಟ್ಟಿಸಿದರು. 1661ರಲ್ಲಿ ಮುಗಿಯಿತು. ರೋಮಿನಲ್ಲಿ 120 ವರ್ಷ ಹಿಡಿದದ್ದು ಗೋವಾದಲ್ಲಿ ಕೆಲವೇ ವರ್ಷಗಳಲ್ಲಿ ಎದ್ದಿತು! ಗಾದೆಗೆ ಇದೊಂದು ಅಪವಾದ ಎನ್ನೋಣವೇ? ಬೇರೆಯವರು ನೂರು ವರ್ಷ ಯೋಚಿಸಿ ಇಟ್ಟ ನಕ್ಷೆ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ, ಅಷ್ಟೇ. ಅಜ್ಜಿಯಿಂದ ಅಡುಗೆ ಕಲಿತ ಸೊಸೆಯ ಹಾಗೆ.

ಈ ಎಲ್ಲ ಕಟ್ಟಡಗಳ ಮೈ ಮಾತ್ರ ಒಂದೇ: ಮುರಕಲ್ಲು. ನಮ್ಮ ಕರಾವಳಿಯವರಿಗೆ ಪರಿಚಯ ಹೇಳಬೇಕಾಗಿಲ್ಲ. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಆದರೆ ಅದರ ಮೈತುಂಬ ತೂತು. ಮಳೆಗಾಲದ ನೀರು ವರ್ಷವರ್ಷವೂ ಒಳಗಿಳಿದರೆ ಕಲ್ಲು ಸವೆಯುತ್ತದೆ. ಅದಕ್ಕೇ ಹಿರಿಯರು ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಗಾರೆ ಅರೆದು, ಗೋಡೆಗೆ ಮೆತ್ತುತ್ತಿದ್ದರು. ಮಳೆ ಕಳೆದ ಮೇಲೆ ಮತ್ತೆ ಸುಣ್ಣ. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ಪ್ರತಿ ತಲೆಮಾರೂ ಮಾಡಬೇಕಾದದ್ದು.

ಸೇ ಪ್ರಧಾನಾಲಯ ಬೆಳ್ಳಗೆ ಕಾಣುವುದಕ್ಕೂ ಎದುರಿನ ಬೆಸಿಲಿಕಾ ಕೆಂಪಗೆ ಕಾಣುವುದಕ್ಕೂ ಕಾರಣ ಇಲ್ಲಿದೆ. ಬೆಸಿಲಿಕಾವೂ ಮೊದಲು ಗಾರೆ ಹೊದ್ದಿತ್ತು. 1950ರ ದಶಕದಲ್ಲಿ ಬಾಲ್ತಜಾರ್ ಕಾಸ್ತ್ರೊ ಎಂಬ ಪೋರ್ಚುಗೀಸ್ ವಾಸ್ತುಶಿಲ್ಪಿ, ಕಟ್ಟಡಕ್ಕೆ ಪ್ರಾಚೀನ ಕಳೆ ಬರಲೆಂದು ಗಾರೆಯನ್ನು ಕೆತ್ತಿ ತೆಗೆಸಿದ. ಬರಿಯ ಕೆಂಪು ಕಲ್ಲು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಒಪ್ಪಿದೆ. ಅದೇ ಅದರ ನಿಜವಾದ ರೂಪವೆಂದು ನಂಬಿ ಬೆಳೆದವರೂ ಬಹಳ. ಆದರೆ ಅಂದಿನಿಂದ ಪ್ರತಿ ಮಳೆಗಾಲವೂ ಆ ಕಲ್ಲಿನ ಮೇಲೆ ನೇರವಾಗಿ ಬಿದ್ದಿದೆ. ಇತ್ತೀಚಿನ ವರ್ಷಗಳಲ್ಲಿ ಬೆಸಿಲಿಕಾದ ಗುರುಗಳೂ ಕಟ್ಟಡ ತಜ್ಞರೂ ಈ ಬಗ್ಗೆ ಎಚ್ಚರಿಸಿ, ಗಾರೆಯನ್ನು ಮತ್ತೆ ಹಾಕಬೇಕೆಂದು ಕೇಳಿದ್ದಾರೆ. ಬೇಡ, ಜನರಿಗೆ ಈ ರೂಪವೇ ಪ್ರಿಯ ಎನ್ನುವವರೂ ಇದ್ದಾರೆ. ನನಗೆ ಕೇಳಿದರೆ, ನೋಡುವವರ ಕಣ್ಣಿಗಿಂತ ಗೋಡೆಯ ಆಯುಸ್ಸು ದೊಡ್ಡದು.

ಇಲ್ಲಿ ನಮ್ಮ ಕನ್ನಡದ ಗಾದೆ ರೋಮಿನ ಗಾದೆಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಂಗ್ಲಿಷಿನವರು ಕಟ್ಟಲು ಹಿಡಿಯುವ ಕಾಲವನ್ನಷ್ಟೇ ಹೇಳಿದರು. ನಮ್ಮವರು ಒಡೆಯಲು ಹಿಡಿಯುವ ಕಾಲವನ್ನೂ ಸೇರಿಸಿದರು. ಹಳೇ ಗೋವಾದ ಗುಡ್ಡದ ಮೇಲೆ ಸಂತ ಅಗಸ್ಟೀನರ ಮಠದ ಅರ್ಧ ಗೋಪುರ ನೋಡಿದ್ದೀರಷ್ಟೇ. 46 ಮೀಟರ್ ಎತ್ತರದ ಆ ಗೋಪುರದ ದೇವಾಲಯ 1602ರಲ್ಲಿ ಮುಗಿದಿತ್ತು. 1835ರಲ್ಲಿ ಸರ್ಕಾರ ಸನ್ಯಾಸಿ ಸಭೆಗಳನ್ನು ಹೊರಹಾಕಿತು. ಸುಣ್ಣ ಹಚ್ಚುವ ಕೈ ಇಲ್ಲವಾಯಿತು. ಏಳೇ ವರ್ಷಕ್ಕೆ, 1842ರಲ್ಲಿ, ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಯಾರೂ ದೊಣ್ಣೆ ಬೀಸಲಿಲ್ಲ. ಸುಮ್ಮನೆ ಬಿಟ್ಟರು, ಅಷ್ಟೇ.

ಶುಭಸಂದೇಶದಲ್ಲಿಯೂ ಇಂಥದೊಂದು ಲೆಕ್ಕ ಬರುತ್ತದೆ. ಈ ದೇವಾಲಯವನ್ನು ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುವೆ ಎಂಬ ಅರ್ಥದಲ್ಲಿ ಪ್ರಭು ಯೇಸು ಹೇಳಿದಾಗ, ಇದಕ್ಕೆ 46 ವರ್ಷ ಹಿಡಿದಿದೆ ಎಂದು ಯೆಹೂದ್ಯರು ಮೂಗು ಮುರಿದರು. ಯೇಸು ಹೇಳಿದ್ದು ತಮ್ಮ ದೇಹದ ವಿಷಯವೆಂದು ಸಂತ ಯೊವಾನ್ನರು ವಿವರಿಸುತ್ತಾರೆ. ಆ ಕಲ್ಲಿನ ದೇವಾಲಯವನ್ನು ಕ್ರಿಸ್ತಶಕ 70ರಲ್ಲಿ ಸುಟ್ಟು ಕೆಡವಿದವರು ಬೇರೆ ಯಾರೂ ಅಲ್ಲ, ಒಂದೇ ದಿನದಲ್ಲಿ ಕಟ್ಟದ ಅದೇ ರೋಮಿನ ಸೈನಿಕರು.

ಕಲ್ಲಿನ ಕತೆ ಸಾಕು. ಏಪ್ರಿಲ್ 21 ರೋಮಿನ ಹುಟ್ಟುಹಬ್ಬ ಎಂದೆನಲ್ಲ. ಅದೇ ಏಪ್ರಿಲ್ 21ರಂದು, 1651ರಲ್ಲಿ, ಗೋವಾದ ಬೆಣಾವಲಿಯಲ್ಲಿ ಒಂದು ಮಗು ಹುಟ್ಟಿತು. ಅವರೇ ಸಂತ ಜೋಸೆಫ್ ವಾಜ್. ಗೋವಾದವರಷ್ಟೇ ಅಲ್ಲ, ನಮ್ಮವರೂ ಹೌದು: 1681ರಿಂದ ಮೂರು ವರ್ಷ ನಮ್ಮ ಕೆನರಾದ ಊರೂರು ತಿರುಗಿದರು. ಮಂಗಳೂರಿನಿಂದ ಬಸ್ರೂರು, ಗಂಗೊಳ್ಳಿಯವರೆಗೆ ಚದುರಿಹೋಗಿದ್ದ ಕಥೋಲಿಕರನ್ನು ಒಟ್ಟುಗೂಡಿಸಿದರು. ಇಲ್ಲಿ ಯಾವ ಧರ್ಮಾಧ್ಯಕ್ಷರ ಅಧಿಕಾರ ನಡೆಯಬೇಕೆಂಬ ಜಗಳ ಆಗ ಜೋರಾಗಿತ್ತು. ಎರಡು ಕಡೆಯ ನಡುವೆ ನಿಂತು, ಯಾರನ್ನೂ ನೋಯಿಸದೆ ಕೆಲಸ ಮಾಡುವುದು ಎಂಥ ಕಷ್ಟವೆಂದು ಕೂಡುಕುಟುಂಬದ ಸೊಸೆಯಂದಿರಿಗೆ ನಾನು ಹೇಳಬೇಕಾಗಿಲ್ಲ. ಮುಡಿಪುವಿನ ಪುಣ್ಯಕ್ಷೇತ್ರ ಇಂದಿಗೂ ಅವರ ನೆನಪನ್ನು ಉಳಿಸಿಕೊಂಡಿದೆ.

ಅಲ್ಲಿಂದ ಮರಳಿ ಹಳೇ ಗೋವಾದ ಪವಿತ್ರ ಶಿಲುಬೆಯ ಗುಡ್ಡದ ಓರೆಟರಿ ಮನೆ ಸೇರಿ, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾದ ಯಾಳ್ಪಾಣ ತಲುಪಿದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಗುರುಗಳಿಗೆ ನಿಷೇಧ. ಸುಮಾರು 30 ವರ್ಷದಿಂದ ಜನರಿಗೆ ಗುರುಗಳಿರಲಿಲ್ಲ. ಇಳಿದ ಕೂಡಲೇ ಕಾಯಿಲೆ ಬಿದ್ದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆ ಭಿಕ್ಷೆ ಎತ್ತಿದರು. ಜಪಸರ ನೋಡಿದವರ ಮುಖದಲ್ಲಿ ಏನಾದರೂ ಬದಲಾವಣೆ ಕಂಡರೆ ಇದು ನಮ್ಮವರ ಮನೆ ಎಂಬ ಗುರುತು! ಒಂದು ಧರ್ಮಸಭೆಯನ್ನು ಹೀಗೆ ಒಂದೊಂದೇ ಬಾಗಿಲಿನಿಂದ ಕಟ್ಟಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಸೆರೆಗೆ ಹಾಕಿದರು. ಸೆರೆಯಲ್ಲಿ ಕುಳಿತು ಸಿಂಹಳ ಭಾಷೆ ಕಲಿತರು. ಮುಂದೆ ಅದೇ ಅರಸನ ಗೌರವ ಗಳಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಗೋವಾಕ್ಕೆ ಮರಳಿ ಬರಲಿಲ್ಲ.

ಅವರನ್ನು ಸಂತರೆಂದು ಸಾರಬೇಕೆಂಬ ಕೋರಿಕೆ ಕೆಲವೇ ವರ್ಷಗಳಲ್ಲಿ ಎದ್ದಿತು. ಕಾಗದಪತ್ರ ನಿಧಾನ, ದೂರ ಹೆಚ್ಚು, ಅದ್ಭುತದ ಸಾಕ್ಷಿ ಬೇಕು. 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದರು. ಸತ್ತು 304 ವರ್ಷದ ಮೇಲೆ. ರೋಮ್ ಒಂದೇ ದಿನದಲ್ಲಿ ಸಂತರನ್ನೂ ಮಾಡುವುದಿಲ್ಲ! ಬೆಣಾವಲಿಯ ಜನ ಅಷ್ಟು ತಲೆಮಾರು ಪ್ರಾರ್ಥಿಸುತ್ತಲೇ ಇದ್ದರು.

ಈಗ ಪದದ ವಿಷಯಕ್ಕೆ ಬರೋಣ. ಇಂಗ್ಲಿಷಿನ ‘ಪೇಶೆನ್ಸ್’ ಲ್ಯಾಟಿನ್‌ನ ‘ಪಾತಿ’ ಎಂಬ ಧಾತುವಿನಿಂದ ಬಂದದ್ದು. ಪಾತಿ ಎಂದರೆ ನೋವು ಉಣ್ಣುವುದು. ಆಸ್ಪತ್ರೆಯ ‘ಪೇಶೆಂಟ್’, ಪ್ರಭುವಿನ ಯಾತನೆಯ ‘ಪ್ಯಾಶನ್’ ಎಲ್ಲ ಅದರ ಮಕ್ಕಳೇ. ನಮ್ಮ ‘ತಾಳ್ಮೆ’ ಬಂದದ್ದು ‘ತಾಳು’ ಎಂಬುದರಿಂದ. ಕಂಬ ಭಾರ ತಾಳುತ್ತದೆ, ಗೋಡೆ ಮಳೆಗೆ ತಾಳುತ್ತದೆ, ಒಳ್ಳೆಯ ಬಟ್ಟೆ ಹತ್ತು ವರ್ಷ ತಾಳುತ್ತದೆ ಎನ್ನುತ್ತೇವೆ. ಇಂಗ್ಲಿಷಿನದು ರೋಗಿಯ ಪದವಾದರೆ ನಮ್ಮದು ಮೇಸ್ತ್ರಿಯ ಪದ. ಸಂತ ಯಕೋಬರು ತಮ್ಮ ಪತ್ರದಲ್ಲಿ ಯೋಬನ ಸೈರಣೆಯನ್ನು ನೆನಪಿಸುವಾಗ ಬಳಸಿದ ಗ್ರೀಕ್ ಪದ ‘ಹುಪೊಮೊನೆ’. ಅದರ ಅರ್ಥ ಅಡಿಯಲ್ಲಿ ನಿಂತಿರುವುದು, ಭಾರದ ಕೆಳಗೆ ಜಾರದೆ ಉಳಿಯುವುದು. ಅದು ನಮ್ಮ ಕಂಬಕ್ಕೆ ಎಷ್ಟು ಹತ್ತಿರ ನೋಡಿ! ಅದೇ ಅಧ್ಯಾಯದಲ್ಲಿ ಮುಂಗಾರು ಹಿಂಗಾರು ಕಾಯುವ ರೈತನೂ ಬರುತ್ತಾನೆ. ಕಾಯುವ ರೈತ ಜಗಲಿಯ ಮೇಲೆ ಮಲಗಿರುವುದಿಲ್ಲವೆಂದು ನಮಗೆ ಗೊತ್ತು.

ಆದ್ದರಿಂದ ಈ ಗಾದೆಯನ್ನು ಯಾರು ಯಾರಿಗೆ ಹೇಳಬೇಕು ಎಂಬುದು ಮುಖ್ಯ. ಕಲ್ಲು ಹೊರುತ್ತಿರುವವನು ತನಗೆ ತಾನೇ ಹೇಳಿಕೊಂಡರೆ ಅದು ತಾಳ್ಮೆ. ಕೆಲಸ ಮಾಡದವನು ಕಾಯುತ್ತಿರುವವನಿಗೆ ಹೇಳಿದರೆ ಅದು ನೆಪ. ಕುಡಿದು ಬಂದು ಹೊಡೆಯುವ ಗಂಡನ ವಿಷಯ ಹೇಳಲು ಬಂದ ಹೆಣ್ಣುಮಗಳಿಗೆ, ‘ತಾಳಮ್ಮಾ, ರೋಮ್ ಒಂದೇ ದಿನದಲ್ಲಿ ಕಟ್ಟಲಿಲ್ಲ’ ಎಂದು ಹೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಅಲ್ಲಿ ಯಾರೂ ಏನನ್ನೂ ಕಟ್ಟುತ್ತಿಲ್ಲ. ಅವಳು ಒಬ್ಬಳೇ ಒಡೆಯುತ್ತಿದ್ದಾಳೆ. ಯೋಬ ಕೂಡ ಬಾಯಿ ಮುಚ್ಚಿ ಕುಳಿತವನಲ್ಲ. ಅವನ ಗ್ರಂಥ ತೆರೆದು ಓದಿ. ಅಧ್ಯಾಯದ ಮೇಲೆ ಅಧ್ಯಾಯ ದೇವರನ್ನೇ ಪ್ರಶ್ನಿಸುತ್ತಾನೆ, ಬುದ್ಧಿ ಹೇಳಲು ಬಂದ ಗೆಳೆಯರನ್ನು ಗದರಿಸುತ್ತಾನೆ. ಕೊನೆಗೆ ದೇವರು ಕೋಪಿಸಿಕೊಂಡದ್ದು ಆ ಗೆಳೆಯರ ಮೇಲೆ.

ಗೋವಾದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಬಿಡಲಾರೆ. ವಾಸ್ಕೊ, ಬೈನಾ, ಜುವಾರಿನಗರದ ಕಡೆ ಬಸ್ಸಿನಿಂದಿಳಿದರೆ ಕಿವಿಗೆ ಕನ್ನಡ ಬೀಳುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಹೋದವರು. ಈಗಿನ ಗೋವಾದ ರಸ್ತೆ, ಹೋಟೆಲು, ಫ್ಲ್ಯಾಟುಗಳಿಗೆ ಇಟ್ಟಿಗೆ ಗಾರೆ ಹೊತ್ತವರಲ್ಲಿ ಅವರ ಪಾಲು ದೊಡ್ಡದು. ಬೇರೆಯವರ ರೋಮ್ ಕಟ್ಟಿದವರು ಸಂಜೆ ಸೇರುತ್ತಿದ್ದದ್ದು ತಗಡಿನ ಮನೆಗೆ. ಬೈನಾ ಕಡಲತೀರದಲ್ಲಿ 2004ರಲ್ಲಿಯೂ ಮತ್ತೆ 2015ರಲ್ಲಿಯೂ ಅಂಥ ಮನೆಗಳ ಮೇಲೆ ಯಂತ್ರ ಹರಿಯಿತು. ನ್ಯಾಯಾಲಯದ ಆದೇಶ, ಕಡಲತೀರದ ನಿಯಮ ಎಲ್ಲ ಇದ್ದವು; ಕಾನೂನಿನ ಸರಿತಪ್ಪು ತೂಗುವುದು ಈ ಅಂಕಣದ ಕೆಲಸವಲ್ಲ. ಎರಡೂ ಸಲ ಬಹಳ ಮಂದಿ ಕನ್ನಡದವರೇ ಬೀದಿಗೆ ಬಿದ್ದರು. ಒಂದೊಂದು ತಗಡು, ಒಂದೊಂದು ಬಾಗಿಲು ಹೊಂದಿಸಲು ಎಷ್ಟು ವರ್ಷದ ಕೂಲಿ ಬೇಕಾಗಿತ್ತು, ಬೀಳಲು ಎಷ್ಟು ನಿಮಿಷ ಬೇಕಾಯಿತು ಎಂಬ ಲೆಕ್ಕ ಕುಂಬಾರನ ಗಾದೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮುಂದಿನ ಸಲ ಗೋವಾ ಯಾತ್ರೆಗೆ ಹೋಗುವ ಧರ್ಮಕೇಂದ್ರಗಳು ಕಡಲತೀರದ ಒಂದು ಗಂಟೆಯನ್ನು ಕಡಿಮೆ ಮಾಡಿ, ನಮ್ಮ ಭಾಷೆಯಾಡುವ ಆ ಕುಟುಂಬಗಳನ್ನು ಮಾತನಾಡಿಸಿ ಬರಬಹುದು. ಯಾರನ್ನು ಕೇಳಬೇಕೆಂಬ ಚಿಂತೆ ಬೇಡ. ಕನ್ನಡದಲ್ಲಿ ದಾರಿ ಕೇಳಿದರೆ ಸಾಕು.

ಹುಡುಗನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಯಿತು. ಯೋಬನ ಹೆಸರು ಹೇಗೂ ಬಂದಿದೆ. ‘ಯೋಬನ ತಾಳ್ಮೆ’ ಎಂಬ ಇಂಗ್ಲಿಷ್ ನುಡಿಗಟ್ಟು ಅವನ ಸಿಟ್ಟನ್ನೆಲ್ಲ ಹೇಗೆ ಮರೆತುಬಿಟ್ಟಿತು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಷ್ಟರಲ್ಲಿ ಅವನ ಗ್ರಂಥದ ಮೂರನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡಿರಿ.